ಬಂಡೆಯ ಮೇಲಿನ ಎರಡೂವರೆ ಕೋಣೆ

ಜನವರಿ ೧೧

ಕಡ್ಡಿಗೆ,

ನಿನ್ನ ಕಾಗದ ಬಂತು. ಓದಿ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ, ಅಕ್ಷರಗಳೇನೂ ಬದಲಾಗಿರಲಿಲ್ಲ. ನಿನ್ನಪ್ಪ ದೊಡ್ಡ ಮನೆ ಮಾರುತ್ತಾನಂತೆ. ತನಗೂ ತನ್ನ ಹೆಂಡತಿಗೂ ಸಾಕಾಗುವಷ್ಟು ಒಂದು ಪುಟ್ಟ ಮನೆ ಕಟ್ಟಿಸುತ್ತಾನಂತೆ. ಅದರ ವಿನ್ಯಾಸ ನೀನು ಮಾಡಿಕೊಡುತ್ತೀಯಂತೆ. ಇಷ್ಟು ಹೇಳುವುದಕ್ಕೆ ನೆಗಡಿ, ಸೆಕೆ, ಆಫೀಸಿನ ಹೊಸ ಕುರ್ಚಿ ಎಂದು ಎರಡು ಪುಟ ಸುತ್ತಾಡಿ ಬಂದಿದ್ದೀಯ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನೀನು ನನ್ನಿಂದ ಕಲಿತದ್ದಲ್ಲ, ಅದು ಆ ಕಡೆಯ ರಕ್ತ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಆಸಾಮಿ ಮದುವೆಯನ್ನು ಎರಡು ಸಲ ನೋಡಿಯಾಯಿತು, ಮನೆಯೊಂದು ಬಾಕಿ ಇತ್ತು.

ಅಮ್ಮನಿಗೆ ಹೊಟ್ಟೆಕಿಚ್ಚು ಎಂದು ನೀನು ಅಂದುಕೊಳ್ಳುತ್ತೀಯ. ಹೌದು, ಹೊಟ್ಟೆಕಿಚ್ಚೇ. ಆ ಮನೆಯ ಎಂಟು ಕೋಣೆಗಳನ್ನು ವರ್ಷಗಟ್ಟಲೆ ಗುಡಿಸಿದವಳು ನಾನು. "ಒಂದು ಸಣ್ಣ ಮನೆ ಮಾಡ್ಕೊಳ್ಳೋಣ ಕಣ್ರೀ, ನಾವಿಬ್ರು, ಮಗು, ಸಾಕಲ್ವಾ" ಎಂದು ಕೇಳಿ ಕೇಳಿ ನನ್ನ ಬಾಯಿ ಸವೆಯಿತು. "ಅಮ್ಮ ಇರೋ ತನಕ ಆಗಲ್ಲ" ಅಂದ. ಅತ್ತೆ ಹೋದ ಮೇಲೆ "ಇಷ್ಟು ದೊಡ್ಡ ಮನೆ ಬಿಟ್ರೆ ಜನ ಏನಂತಾರೆ" ಅಂದ. ಈಗ ಆ ಜನ ಎಲ್ಲಿಗೆ ಹೋದರೋ. ಅವನ ಈಗಿನವಳು, ಆ ಏಣಿಯಮ್ಮ, ಒಂದು ಸಲ ಮೊಣಕಾಲು ನೋವು ಅಂದಳು, ಎಂಟು ಕೋಣೆ ಎರಡಾಗಿಬಿಟ್ಟವು.

ಬಿಟ್ಟು ಬಂದವಳು ನೀನೇ ಅಲ್ಲವೇ ಎಂದು ಕೇಳಬೇಡ. ಬಿಟ್ಟು ಬಂದವಳಿಗೆ ಹಕ್ಕಿಲ್ಲ, ಒಪ್ಪಿದೆ. ಇದು ಹಕ್ಕಿನ ಮಾತಲ್ಲ ಕಡ್ಡಿ, ಹೊಟ್ಟೆಯ ಮಾತು. ಅವನನ್ನು ಅವಳು ಇಟ್ಟುಕೊಳ್ಳಲಿ, ಆ ಕಾಲದ ಸಂಕಟ ನನಗೆ ಎಂದೋ ತೀರಿತು. ಈಗ ನಿನ್ನನ್ನೂ ಆ ಕಡೆಗೆ ಕರೆಯುತ್ತಿದ್ದಾರಲ್ಲ, ಅದು ಸಹಿಸಲಾಗುತ್ತಿಲ್ಲ.

ಮಾಡಿಕೊಡು. ನಾನು ಬೇಡ ಅಂದರೆ ಬಿಡುವವಳಲ್ಲ ನೀನು. ಆದರೆ ಆ ಮನೆಯ ಸುದ್ದಿ ನನಗೆ ಬರೆಯಬೇಡ, ನನಗೆ ಬೇಕಾಗಿಲ್ಲ.

ನಿನ್ನ
ಅಮ್ಮ

ತಾಜಾಕಲಂ: ಜಾಗ ಯಾವ ಕಡೆ ಇಳಿಜಾರು? ಅಳತೆ ಹಾಕಿದ ಕಾಗದ ಇದ್ದರೆ ಕಳಿಸು.

&nbsp;

ಜನವರಿ ೨೫

ಅಮ್ಮಾ,

ಈ ಸಲ ಸುತ್ತಾಡದೆ ಬರೆಯುತ್ತೇನೆ.

ಜಾಗ ನೋಡಿದರೆ ನೀನು ನಗುತ್ತೀಯ. ರಸ್ತೆ ಮೇಲಕ್ಕೆ ತಿರುಗುವ ಕಡೆ ಯಾರಿಗೂ ಬೇಡವಾಗಿ ಉಳಿದ ಮೂರು ಮೂಲೆಯ ತುಂಡು. ರಸ್ತೆಯಿಂದ ಹಿಂದಿನ ಗಡಿಗೆ ಹೋಗುವಷ್ಟರಲ್ಲಿ ಎರಡಾಳು ಎತ್ತರದಷ್ಟು ಇಳಿಯಬೇಕು. ಎಡಗಡೆ ನೆಲದಡಿ ಊರಿನ ನೀರಿನ ದೊಡ್ಡ ಕೊಳವೆ ಹೋಗಿದೆ, ಅದರ ಮೇಲೆ ಒಂದು ಇಟ್ಟಿಗೆಯನ್ನೂ ಇಡುವ ಹಾಗಿಲ್ಲ. ಉಳಿದ ಜಾಗದ ನಟ್ಟನಡುವೆ ಒಂದು ಬಂಡೆ. ಸಿಡಿಸೋಣ ಅಂದರೆ ಅಕ್ಕಪಕ್ಕದ ಮನೆಗಳ ಗೋಡೆಗಳು ಬಿರುಕು ಬಿಡುತ್ತವೆ. ಜೀವನವಿಡೀ ಬೇರೆಯವರ ಭೂಮಿ ಅಳೆದ ಅಪ್ಪ ತನಗಾಗಿ ಇದನ್ನು ಕೊಂಡಿದ್ದಾನೆ. ಯಾಕಪ್ಪಾ ಅಂದರೆ "ಇಲ್ಲಿಂದ ಕೆಳಗಿನ ಊರೆಲ್ಲ ಕಾಣ್ತದೆ" ಅನ್ನುತ್ತಾನೆ.

ನಾನು ಬಂಡೆಯ ಜೊತೆ ಜಗಳ ಮಾಡದಿರಲು ತೀರ್ಮಾನಿಸಿದ್ದೇನೆ. ಮನೆ ಅದರ ಹೆಗಲ ಮೇಲೆ ಕೂರುತ್ತದೆ. ರಸ್ತೆಯ ಮಟ್ಟದಲ್ಲಿ ಬಾಗಿಲು ಮತ್ತು ಕೂರುವ ಕೋಣೆ, ಕೆಲವು ಮೆಟ್ಟಿಲು ಇಳಿದರೆ ಅಡುಗೆಮನೆ, ಅದಕ್ಕಿಂತ ಕೆಳಗೆ ಮಲಗುವ ಕೋಣೆ. ಅಡುಗೆಮನೆಯ ಒಂದು ಗೋಡೆ ಬಂಡೆಯೇ.

ಅಮ್ಮಾ, ಇದು ನನ್ನ ಹೆಸರಿನಲ್ಲಿ ಎದ್ದೇಳುವ ಮೊದಲ ಮನೆ. ನಮ್ಮ ಆಫೀಸಿನ ದೊಡ್ಡ ಸಾಹೇಬರು ಅನುಮತಿ ಕೊಟ್ಟಿದ್ದಾರೆ, ಆದರೆ ಅಲ್ಲಿನ ಮೇಜನ್ನಾಗಲಿ ಜನರನ್ನಾಗಲಿ ಬಳಸುವ ಹಾಗಿಲ್ಲ. "ಮುಗಿದ ಮೇಲೆ ಬಂದು ನೋಡ್ತೀನಿ. ಆಮೇಲೆ ನಿನಗೊಬ್ಬಳಿಗೇ ಕೆಲಸ ಬಿಡಬಹುದಾ ಅಂತ ಹೇಳ್ತೀನಿ" ಅಂದಿದ್ದಾರೆ. ಆರು ವರ್ಷದಿಂದ ಬೇರೆಯವರ ಮನೆಗೆ ಮೆಟ್ಟಿಲು, ಬೇರೆಯವರ ಮನೆಗೆ ಬಚ್ಚಲು ಬರೆಯುತ್ತಿದ್ದೇನೆ. ಇದು ಕೈತಪ್ಪಿದರೆ ಇನ್ನಾರು ವರ್ಷ ಅದೇ.

ಅದಕ್ಕೇ ಕೇಳುತ್ತೇನೆ. ನಾನು ಕರಡು ಹಾಳೆ ಕಳಿಸುತ್ತೇನೆ, ನೀನು ಅಚ್ಚುಕಟ್ಟು ಪ್ರತಿ ಮಾಡಿ ನೇರ ಮೇಸ್ತ್ರಿಗೆ ಕಳಿಸುತ್ತೀಯಾ? ಸರ್ವೆ ಕಚೇರಿಯಲ್ಲಿ ನಿನ್ನಷ್ಟು ವರ್ಷ ನಕ್ಷೆ ಬರೆದವರು ಯಾರಿದ್ದಾರೆ? ನಿನ್ನ ಗೆರೆಯನ್ನು ನಾನು ಮತ್ತೆ ನೋಡಬೇಕಾಗಿಲ್ಲ.

ಬೈದುಕೊಂಡಾದರೂ ಮಾಡು.

ಕಡ್ಡಿ

&nbsp;

ಫೆಬ್ರವರಿ ೨೦

ಕಡ್ಡಿಗೆ,

ಬೈದುಕೊಂಡೇ ಮಾಡುತ್ತಿದ್ದೇನೆ. ನೋಡು ನನ್ನ ಹಣೆಬರಹ. ಅವನು ಅಳೆದು ತಂದದ್ದನ್ನು ಹತ್ತೊಂಬತ್ತು ವರ್ಷ ಕಚೇರಿಯಲ್ಲಿ ನಾನು ನಕ್ಷೆ ಬರೆದೆ. ನಿವೃತ್ತಿಯಾದ ಮೇಲೂ ಅವನ ನೆಲವೇ ನನ್ನ ಹಲಗೆಯ ಮೇಲೆ ಬಂದು ಕೂತಿತು.

ನಿನ್ನ ಮೆಟ್ಟಿಲು ಕಡಿದಾಗಿದೆ. ಮೊಣಕಾಲು ನೋವಿನವಳಿಗೆ ಅಂತ ಮನೆ ಕಟ್ಟಿ ಇಂಥ ಮೆಟ್ಟಿಲು ಇಟ್ಟರೆ ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ನಾನೇ ಒಂದು ಮೆಟ್ಟಿಲು ಹೆಚ್ಚಿಸಿ ಸರಿಮಾಡಿದ್ದೇನೆ. ಅವಳ ಮೇಲಿನ ಪ್ರೀತಿಯಿಂದಲ್ಲ, ತಪ್ಪು ಮೆಟ್ಟಿಲನ್ನು ನನ್ನ ಕೈ ಎಳೆಯುವುದಿಲ್ಲ. ಬಂಡೆಯನ್ನು ಒಳಗೆ ತಂದದ್ದು ಚೆನ್ನಾಗಿದೆ. ಮಳೆನೀರು ಅದರ ಬೆನ್ನ ಮೇಲೆ ಇಳಿದು ಅಡುಗೆಮನೆಗೆ ಬರದ ಹಾಗೆ ಹಿಂದೆ ಒಂದು ಸಣ್ಣ ಕಾಲುವೆ ಕಡಿಸು.

ಈಗ ಇನ್ನೊಂದು ಮಾತು. ಕೆಳಗಿನ ಮಟ್ಟದಲ್ಲಿ, ಬಂಡೆಯ ಮಗ್ಗುಲಲ್ಲಿ, ಅರ್ಧ ಕೋಣೆಯಷ್ಟು ಗೂಡು ಮಾಡಿ ಒಂದು ಹಾಸಿಗೆ ಬರೆದಿದ್ದೀಯ. ಅದರ ಮೇಲೆ ಪೆನ್ಸಿಲಿನಲ್ಲಿ ಸಣ್ಣಗೆ "ಮಗಳು" ಎಂದು ಬರೆದಿದೆ. ಆ ಅಕ್ಷರ ನಿನ್ನದಲ್ಲ. ನಿನ್ನಪ್ಪನದೂ ಅಲ್ಲ, ಅವನ ಕಾಗೆ ಕಾಲು ನನಗೆ ಗೊತ್ತು.

ಎರಡು ಜನಕ್ಕೆ ಮನೆ ಅಂತ ಹೇಳಿ ಮೂರನೇ ಹಾಸಿಗೆ ಯಾಕೆ? ಇಡೀ ಮನೆಯನ್ನು ಕುಗ್ಗಿಸಿ ಕುಗ್ಗಿಸಿ, ಪುಸ್ತಕದ ಕಪಾಟಿಗೂ ಜಾಗ ಇಲ್ಲದೆ, ನನ್ನ ಮಗಳಿಗೆ ಮಾತ್ರ ಜಾಗ ಉಳಿಯಿತೇ? ನನ್ನ ಮನೆಯಲ್ಲಿ ನೀನು ನಕ್ಷೆ ಹಲಗೆಯ ಕೆಳಗೆ ಮಡಚುವ ಮಂಚದಲ್ಲಿ ಮಲಗುತ್ತೀಯ, ಎದ್ದಾಗ ತಲೆ ಹೊಡೆಸಿಕೊಳ್ಳುತ್ತೀಯ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಿನಗೆ ಹೇಳಿ ಬೆಳೆಸಿದವಳು ನಾನು. ಕಾಲು ಚಾಚುವಷ್ಟು ಹಾಸಿಗೆ ಅವಳು ಹಾಕಿಕೊಡುತ್ತಾಳೆ. ಮೂರನೇ ಮಹಡಿಯ ಈ ಬಾಡಿಗೆ ಮನೆಗೆ ನೀನು ಇನ್ನೆಷ್ಟು ರಜೆ ಬರುತ್ತೀಯೋ ನೋಡೋಣ.

ಹಾಳೆಗಳನ್ನು ಮೇಸ್ತ್ರಿಗೆ ಕಳಿಸಿದ್ದೇನೆ. ಹಾಸಿಗೆ ಬರೆದಿದ್ದೇನೆ. ಹೆಸರು ಬರೆದಿಲ್ಲ.

ಅಮ್ಮ

&nbsp;

ಮಾರ್ಚ್ ೬

ಅಮ್ಮಾ,

ಆ ಅಕ್ಷರ ಅವರದು. ನಾನು ಮುಚ್ಚಿಡುವುದಿಲ್ಲ. ಕರಡು ತೋರಿಸಲು ಹೋದಾಗ ಪುಸ್ತಕದ ಕಪಾಟನ್ನು ಅವರೇ ಹೊಡೆದುಹಾಕಿ "ಪುಸ್ತಕ ಲೈಬ್ರರಿಯಿಂದ ತಂದ್ರಾಯ್ತು, ಇವಳು ಬಂದ್ರೆ ಎಲ್ಲಿ ಮಲಗ್ತಾಳೆ" ಎಂದು ಅಪ್ಪನನ್ನು ಕೇಳಿದರು. ಅಪ್ಪ "ಅವಳೆಲ್ಲಿ ಬರ್ತಾಳೆ" ಅಂದ. ಅವರು ಪೆನ್ಸಿಲು ತೆಗೆದುಕೊಂಡು ಬರೆದರು. ನಾನು ಬರುತ್ತೇನೆ ಎಂದೂ ಹೇಳಿಲ್ಲ, ಬರುವುದಿಲ್ಲ ಎಂದೂ ಹೇಳಿಲ್ಲ.

ನಿನಗೆ ಒಂದು ಮಾತು ಹೇಳಲೇ, ಸಿಟ್ಟಾಗಬೇಡ. ಅವರ ಮೇಲೆ ನನಗೆ ಮೊದಲು ನಿನ್ನಷ್ಟೇ ಸಿಟ್ಟಿತ್ತು. ಈಗ ಅವರಿಗೆ ಅನ್ಯಾಯವಾಗದ ಹಾಗೆ ಕೆಲಸ ಮಾಡಬೇಕು ಎಂದು ಹಟ ಹಿಡಿದಿದ್ದೇನೆ. "ಮೊದಲ ಹೆಂಡತಿ ಮಗಳು ಹೀಗೆ ಮಾಡಿಟ್ಟಳು" ಎಂದು ಯಾರೂ ಬೆರಳು ತೋರಿಸಬಾರದು.

ಇದರ ಜೊತೆ ಅಡುಗೆಮನೆಯ ಹಾಳೆಗಳಿವೆ. ಆಫೀಸು ಮುಗಿಸಿ ರೈಲಿನಲ್ಲಿ ಹೋಗುತ್ತಾ ಬರುತ್ತಾ ಬರೆದದ್ದು, ಗೆರೆ ಅಲ್ಲಾಡಿದೆ. ಅಡುಗೆ ಕಟ್ಟೆಯನ್ನು ಬಂಡೆಗೆ ಕಬ್ಬಿಣ ಕೂರಿಸಿ ಒಟ್ಟಿಗೇ ಎರಕ ಹಾಕಿಸುತ್ತೇನೆ. ನೀನು ನೋಡಿ ಏನು ಬೇಕಾದರೂ ಕೊಂಕು ತೆಗೆ.

ಕಡ್ಡಿ

&nbsp;

ಮಾರ್ಚ್ ೧೫

ಕಡ್ಡಿಗೆ,

ಅಡುಗೆಮನೆ ನೋಡಿದೆ. ಚೆನ್ನಾಗಿದೆ. ಒಂದು ಗೆರೆಯನ್ನೂ ಬದಲಾಯಿಸದೆ ಪ್ರತಿ ಮಾಡಿ ಮೇಸ್ತ್ರಿಗೆ ಕಳಿಸಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೈಲಿನಲ್ಲಿ ಬರೆಯಬೇಡ, ಕಣ್ಣು ಹಾಳಾಗುತ್ತದೆ.

ನಿನ್ನ
ಅಮ್ಮ

&nbsp;

ಜುಲೈ ೨

ಅಮ್ಮಾ,

ನಿನಗೆ ಹುಷಾರಿದೆ ತಾನೆ? ಅಡುಗೆಮನೆಗೆ ನೀನು ಕೊಂಕು ತೆಗೆಯದೇ ಇದ್ದದ್ದನ್ನು ನೋಡಿ ಡಾಕ್ಟರಿಗೆ ತೋರಿಸಬೇಕೇನೋ ಅನ್ನಿಸಿತು. ಆಮೇಲೂ ನಿನ್ನ ಕಾಗದಗಳು ಬೆಣ್ಣೆಯ ಹಾಗಿವೆ. ಅವರ ಹೆಸರೆತ್ತಿ ಒಂದು ಬೈಗುಳವೂ ಇಲ್ಲ.

ಗೋಡೆಗಳು ಎದ್ದಿವೆ. ಮೇಸ್ತ್ರಿ ಮೊದಲು ಬಂಡೆ ನೋಡಿ "ಇದು ಮನೆ ಅಲ್ಲಮ್ಮ, ಸರ್ಕಸ್ಸು" ಅಂದಿದ್ದ. ಈಗ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಾನೆ. ಅಡುಗೆ ಕಟ್ಟೆಯ ಎರಕ ಹೋದ ವಾರ ಆಯಿತು. ನಾನು ಹೋದಾಗ ಎರಕದ ಹಲಗೆ ಬಿಚ್ಚಿರಲಿಲ್ಲ, ಒಳಗೆಲ್ಲ ಕಲ್ಲು ಮಣ್ಣು, ಕಾಲಿಡಲು ಜಾಗವಿರಲಿಲ್ಲ. ಸಾಹೇಬರು ಅಕ್ಟೋಬರಿನಲ್ಲಿ ಬರುತ್ತಾರೆ. ಅದನ್ನು ನೆನೆದರೆ ನಿದ್ದೆ ಬರುವುದಿಲ್ಲ.

ಅವರು ಇನ್ನೂ ಮನೆ ನೋಡಿಲ್ಲ. ತಂಗಿಗೆ ಆಪರೇಷನ್ ಆಗಿ ನೋಡಿಕೊಳ್ಳಲು ಹೋದವರು ತಿಂಗಳುಗಳಿಂದ ಅಲ್ಲೇ ಇದ್ದಾರೆ.

ಕಡ್ಡಿ

&nbsp;

ಸೆಪ್ಟೆಂಬರ್ ೮

ಕಡ್ಡಿಯ ತಾಯಿಯವರಿಗೆ,

ನಾವಿಬ್ಬರೂ ಇದುವರೆಗೆ ಒಂದು ಮಾತೂ ಆಡಿದವರಲ್ಲ. ಈ ಕಾಗದವನ್ನು ಮುಗಿಸದೆ ಹರಿದುಹಾಕಬೇಡಿ ಎಂದು ಕೇಳಿಕೊಳ್ಳುತ್ತೇನೆ.

ತಂಗಿಯ ಮನೆಯಿಂದ ಬಂದು ಮೊನ್ನೆ ಹೊಸ ಮನೆ ನೋಡಿದೆ. ನೋಡುತ್ತಾ ನೋಡುತ್ತಾ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿದೆ. ಆಮೇಲೆ ಅಡುಗೆಮನೆಯಲ್ಲಿ ಹೋಗಿ ನಿಂತೆ. ಕಟ್ಟೆ ನನ್ನ ತೊಡೆಯ ಹತ್ತಿರ ಬಂತು. ನಾನು ಎಷ್ಟು ಎತ್ತರ ಎಂದು ನಿಮಗೆ ಗೊತ್ತಿರಬಹುದು. ನಿಂತು ಒಂದು ಪಾತ್ರೆ ತೊಳೆಯಬೇಕಾದರೂ ಎರಡಾಗಿ ಬಗ್ಗಬೇಕು. ಕಿಟಕಿಯ ಹೊರಗೆ ನೋಡಬೇಕಾದರೆ ಕೂರಬೇಕು. ಅರೆಗಳು, ನೀರಿನ ತೊಟ್ಟಿ, ಚಾಕು ಇಡುವ ಜಾಗ ಎಲ್ಲವೂ ಎಡಗೈಗೆ ಸಿಗುವ ಹಾಗಿವೆ. ನಾನು ಬಲಗೈಯವಳು.

ನಿಮ್ಮೆಜಮಾನರು, ಕ್ಷಮಿಸಿ, ನಮ್ಮವರು ಕೆಂಡಾಮಂಡಲವಾಗಿದ್ದಾರೆ. "ಬೇಕೂಂತ್ಲೇ ಮಾಡಿದ್ದಾಳೆ, ನಿನ್ನನ್ನ ಬಗ್ಗಿಸ್ಬೇಕೂಂತ ಮಾಡಿದ್ದಾಳೆ" ಅನ್ನುತ್ತಾರೆ. ಬರುವ ಭಾನುವಾರ ಹೋಗಿ ಅವಳನ್ನು ಎದುರಿಗೇ ಕೇಳುತ್ತಾರಂತೆ. ಅವಳ ಸಾಹೇಬರು ಬಂದಾಗ ಅವರ ಮುಂದೆಯೂ ಹೇಳುತ್ತಾರಂತೆ. ಬೇಕೆಂದು ಮಾಡುವ ಹುಡುಗಿ ಅವಳಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳುತ್ತಿಲ್ಲ.

ದೊಡ್ಡ ಮನೆ ಖಾಲಿ ಮಾಡುವಾಗ ಅಡುಗೆಮನೆಯಲ್ಲಿ ಒಂದು ಹಲಗೆ ಸಿಕ್ಕಿತು. ನಡುವೆ ಎರಡು ಪಾದದ ಜಾಗ ಸವೆದು ತಗ್ಗಾಗಿತ್ತು. ಇದೇನು ಎಂದು ಕೇಳಿದೆ. "ಅವಳು ಕುಳ್ಳಿ, ಕಟ್ಟೆ ನಮ್ಮಮ್ಮನ ಎತ್ತರಕ್ಕಿತ್ತು, ಇದರ ಮೇಲೆ ನಿಂತು ಅಡುಗೆ ಮಾಡ್ತಿದ್ಲು" ಅಂದರು. ಕಡ್ಡಿಯ ಅಮ್ಮ ಎಡಗೈಯವರಾ ಎಂದು ಕೇಳಿದೆ. ಹೌದು ಅಂದು ಆಚೆ ಹೋದರು. ಅವರಿಗೆ ಹೊಳೆಯಲಿಲ್ಲ, ನನಗೆ ಹೊಳೆಯಿತು. ಅಡುಗೆಮನೆ ಎಂದು ಬರೆಯಲು ಕೂತಾಗ ಆ ಹುಡುಗಿಯ ಕೈ ತಾನಾಗಿ ನಿಮ್ಮನ್ನು ಹಲಗೆಯಿಂದ ಕೆಳಗಿಳಿಸಿದೆ.

ನಿಜ ಹೇಳುತ್ತೇನೆ, ನನಗೆ ಹೊಟ್ಟೆ ಉರಿಯಿತು. ಸ್ಕೂಲಿನಲ್ಲಿ ನೂರಾರು ಮಕ್ಕಳಿಗೆ ಈಜು ಕಲಿಸಿದೆ, ನನಗೆ ಅಂತ ಮಕ್ಕಳಿಲ್ಲ. ನನ್ನ ಅಳತೆ ಯಾವ ಕೈಗೂ ಗೊತ್ತಿಲ್ಲ. ನಿಮ್ಮ ಅಳತೆ ನನ್ನ ಮನೆಯಲ್ಲಿ ಸಿಮೆಂಟಾಗಿ ಕೂತಿದೆ.

ನಾನು ಬಗ್ಗಿಯೇ ಕಾಲ ಹಾಕಿಯೇನು, ಆದರೆ ಇವರು ಬಿಡುವುದಿಲ್ಲ. ಅವಳಿಗೆ ಸತ್ಯ ಹೇಳಿಬಿಡಲೇ? ಅದು ತಪ್ಪೂ ಅಲ್ಲವಲ್ಲ. ನಿಮ್ಮನ್ನು ಕೇಳದೆ ಹೇಳಲು ಮನಸ್ಸಾಗಲಿಲ್ಲ.

ಇಂತಿ,
ಈಜು ಟೀಚರ್

&nbsp;

ಸೆಪ್ಟೆಂಬರ್ ೧೧

ಟೀಚರ್ ಅವರಿಗೆ,

ಹರಿದುಹಾಕಬೇಕು ಎಂದೇ ಕೈಗೆತ್ತಿಕೊಂಡಿದ್ದೆ. ಇಷ್ಟು ವರ್ಷ ನನ್ನ ಬಾಯಲ್ಲಿ ನಿಮಗೆ ಏಣಿಯಮ್ಮ ಎಂದು ಹೆಸರು. ನಿಮ್ಮ ಕಾಗದ ಓದಿದ ಮೇಲೆ ಹಾಗೆ ಕರೆಯಲು ನಾಲಿಗೆ ಏಳುತ್ತಿಲ್ಲ, ಅದಕ್ಕೂ ನನಗೆ ಸಿಟ್ಟು ಬಂದಿದೆ.

ನನಗೆ ಗೊತ್ತಿತ್ತು. ಹಾಳೆ ಬಂದ ದಿನವೇ ಗೊತ್ತಾಯಿತು. ಕಟ್ಟೆ ಇಪ್ಪತ್ತೊಂಬತ್ತು ಇಂಚು, ತೊಟ್ಟಿ ಎಡಕ್ಕೆ. ಮೊದಲು ಬುದ್ಧಿಯಿಲ್ಲದವಳು ಎಂದು ಬೈದೆ. ಆಮೇಲೆ ಪೆನ್ಸಿಲು ಕೆಳಗಿಟ್ಟು ಹುಚ್ಚಿಯ ಹಾಗೆ ಅತ್ತೆ. ತಿದ್ದಬೇಕಾದದ್ದು ನನ್ನ ಕೆಲಸ. ತಪ್ಪು ಮೆಟ್ಟಿಲನ್ನು ತಿದ್ದಿದ ಕೈ ಇದನ್ನು ತಿದ್ದಲಿಲ್ಲ. ನೀವು ನನ್ನ ಅಡುಗೆಮನೆಯಲ್ಲಿ ದಿನಾ ಬಗ್ಗುತ್ತೀರಿ ಎಂದು ನೆನೆದು ನೆನೆದು ಖುಷಿಪಟ್ಟೆ. ಊಟ ರುಚಿಸಿತು, ನಿದ್ದೆ ಬಂತು.

ಇನ್ನೂ ಇದೆ, ಕೇಳಿ. ಆಗಸ್ಟಿನಲ್ಲಿ ಒಂದು ದಿನ ಬಸ್ಸು ಹತ್ತಿ ಬಂದೆ. ಮೇಸ್ತ್ರಿ ಊಟಕ್ಕೆ ಹೋಗಿದ್ದ. ಒಳಗೆ ಹೋಗಿ ಕಟ್ಟೆಯ ಮುಂದೆ ನಿಂತೆ. ನೆಲದ ಮೇಲೆ ನೆಟ್ಟಗೆ ಎರಡೂ ಪಾದ ಊರಿ ನಿಂತೆ. ಕೈ ಇಟ್ಟ ಕಡೆ ಕಟ್ಟೆ ಇತ್ತು. ಜೀವನದಲ್ಲಿ ನನಗೆ ಸರಿಯಾಗುವ ಹಾಗೆ ಯಾರಾದರೂ ಏನಾದರೂ ಮಾಡಿದ್ದಾರೆ ಅಂದರೆ ಅದೊಂದೇ. ಅದು ನಿಮ್ಮ ಮನೆಯಲ್ಲಿದೆ. ನಿಮ್ಮ ಹೊಟ್ಟೆ ಉರಿಯಿತು ಅಂದಿರಿ, ನನ್ನದನ್ನೂ ಒಂದು ಗಳಿಗೆ ಊಹಿಸಿ ನೋಡಿ.

ಸತ್ಯ ಹೇಳಬೇಡಿ. ಆ ಹುಡುಗಿ ನಿಮಗೆ ಅನ್ಯಾಯವಾಗಬಾರದು ಎಂದು ಹಟ ತೊಟ್ಟು ಕೆಲಸ ಮಾಡಿದ್ದಾಳೆ. ಅವಳ ಕೈ ಅವಳಿಗೇ ತಿಳಿಯದೆ ಬೇರೆ ಏನೋ ಮಾಡಿತು ಎಂದು ಗೊತ್ತಾದರೆ ಇನ್ನು ಮುಂದೆ ಪ್ರತಿ ಗೆರೆಗೂ ತನ್ನ ಕೈಯನ್ನೇ ಅನುಮಾನಿಸುತ್ತಾಳೆ. ಕೈಯ ಮೇಲೆ ನಂಬಿಕೆ ಕಳೆದುಕೊಂಡವರನ್ನು ಕಚೇರಿಯಲ್ಲಿ ನೋಡಿದ್ದೇನೆ. ಒಂದು ಗೋಡೆಯನ್ನು ನಾಲ್ಕು ಸಲ ಅಳಿಸಿ ಬರೆದು ಕೊನೆಗೆ ಅಲ್ಲೇ ಗುಮಾಸ್ತರಾಗಿ ಉಳಿದರು. ಅವಳಿಗೆ ಹಾಗಾಗಬಾರದು. ಸಾಹೇಬರ ಮುಂದೆ ಅವಳ ಅಪ್ಪ ಬಾಯಿ ಬಿಟ್ಟರಂತೂ ಮುಗಿಯಿತು.

ಮೇಸ್ತ್ರಿಯ ಕೈಯಲ್ಲಿರುವುದು ನನ್ನ ಅಕ್ಷರದ ಹಾಳೆ. ಅವಳ ಕರಡು ನನ್ನ ಬೀರುವಿನಲ್ಲಿದೆ, ಅದಕ್ಕೆ ಬೇರೆ ಪ್ರತಿಯಿಲ್ಲ. ಹಾಗಾಗಿ ಅಳತೆ ಬದಲಿಸಿದವಳು ನಾನೇ ಎಂದು ಬರೆಯುತ್ತೇನೆ. ಹೊಟ್ಟೆಕಿಚ್ಚಿನಿಂದ ಮಾಡಿದೆ ಅಂದರೆ ಇಬ್ಬರೂ ನಂಬುತ್ತಾರೆ, ನನ್ನ ಹೆಸರು ಅಷ್ಟರ ಮಟ್ಟಿಗೆ ಒಳ್ಳೆಯದಿದೆ. ಕರಡನ್ನು ಇವತ್ತು ಸುಡುತ್ತೇನೆ. ಸುಳ್ಳು ಹೇಳುವುದಾದರೆ ಅರ್ಧಂಬರ್ಧ ಹೇಳಬಾರದು.

ಕಟ್ಟೆ ಒಡೆಸಿ ಮೂವತ್ತಾರು ಇಂಚಿಗೆ ಎತ್ತರಿಸಿ. ಬಂಡೆಗೆ ಕೂರಿಸಿದ ಕಬ್ಬಿಣ ಕೀಳಿಸಬೇಡಿ, ಅದರ ಮೇಲೆಯೇ ಹೊಸದನ್ನು ಕಟ್ಟಬಹುದು. ನನ್ನ ಕಾಗದ ಬರುವವರೆಗೆ ಅವರನ್ನು ಮನೆಯಲ್ಲಿ ಹಿಡಿದಿಟ್ಟುಕೊಳ್ಳಿ.

ಕಡ್ಡಿಯ ಅಮ್ಮ

&nbsp;

ಸೆಪ್ಟೆಂಬರ್ ೧೧

ಕಡ್ಡಿಗೆ,

ಹೊಸ ಮನೆಯ ಅಡುಗೆ ಕಟ್ಟೆ ತಗ್ಗಾಗಿದೆ ಎಂದು ನಿನಗೆ ಇಷ್ಟರಲ್ಲೇ ಗೊತ್ತಾಗುತ್ತದೆ. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ನಿನ್ನ ಕರಡಿನಲ್ಲಿ ಇದ್ದದ್ದು ಮೂವತ್ತಾರು. ನಾನು ಬರೆದದ್ದು ಇಪ್ಪತ್ತೊಂಬತ್ತು. ತೊಟ್ಟಿ, ಅರೆ, ಕಿಟಕಿ ಎಲ್ಲ ನಾನೇ ಬದಲಿಸಿದೆ. ಬೇಕೆಂದೇ ಮಾಡಿದೆ. ಒಂದು ಗೆರೆಯನ್ನೂ ಬದಲಾಯಿಸಿಲ್ಲ ಎಂದು ಮಾರ್ಚಿನಲ್ಲಿ ಬರೆದದ್ದು ಸುಳ್ಳು. ಅವಳಿಗೆ ಅಂಥ ಮನೆ, ಅಂಥ ಮಗಳು, ಎಲ್ಲ ಬಿಟ್ಟಿಯಾಗಿ ಸಿಗುವುದು ನನಗೆ ಸಹಿಸಲಾಗಲಿಲ್ಲ. ಒಂದು ದಿನವಾದರೂ ಅವಳು ಬಗ್ಗಲಿ ಅನ್ನಿಸಿತು.

ನಿನ್ನ ಕರಡನ್ನು ಒಲೆಗೆ ಹಾಕಿದೆ, ಹುಡುಕಬೇಡ. ನಿನ್ನ ಅಳತೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಸಾಹೇಬರು ಕೇಳಿದರೆ ನಕ್ಷೆ ಪ್ರತಿ ಮಾಡಿದವಳು ಮಾಡಿದ ಕೆಲಸ ಎಂದು ಹೇಳು. ನಿನ್ನಪ್ಪನಿಗೂ ಇದನ್ನೇ ಬರೆದಿದ್ದೇನೆ.

ಕ್ಷಮಿಸು ಎಂದು ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಬೇಕಾಗುತ್ತದೆ.

ಅಮ್ಮ

&nbsp;

ಅಕ್ಟೋಬರ್ ೨೩

ಅಮ್ಮನಿಗೆ,

ತಕ್ಷಣ ಬರೆದಿದ್ದರೆ ಬಾಯಿಗೆ ಬಂದದ್ದು ಬರೆಯುತ್ತಿದ್ದೆ, ಅದಕ್ಕೇ ಇಷ್ಟು ದಿನ ಬಿಟ್ಟೆ.

ಅಪ್ಪ ನಿನ್ನ ಕಾಗದ ತಂದು ನನ್ನ ಮುಂದಿಟ್ಟ. "ನಿನ್ನ ಮೇಲೆ ಸಂಶಯ ಪಟ್ಟೆ, ತಪ್ಪಾಯ್ತು" ಅಂದ. ಅಪ್ಪ ನನ್ನ ಹತ್ತಿರ ತಪ್ಪಾಯಿತು ಅಂದದ್ದು ಅದೇ ಮೊದಲು. ಅವರ ಮುಖ ನೋಡಲು ನನಗೆ ಆಗಲಿಲ್ಲ. ಅವರೇ ನನ್ನ ಪಕ್ಕ ಬಂದು ಕೂತು "ನಿಮ್ಮಮ್ಮನ್ನ ಏನೂ ಅನ್ಬೇಡ" ಅಂದರು. ನೀನು ಯಾರನ್ನು ಬಗ್ಗಿಸಲು ಹೊರಟೆಯೋ ಅವರು ನಿನ್ನ ಪರವಾಗಿ ಮಾತಾಡಿದರು. ನಾನು ಎಂಥ ಅವಮಾನ ನುಂಗಿದೆ ಎಂದು ನಿನಗೆ ಗೊತ್ತೇ?

ಕಟ್ಟೆ ಒಡೆದು ಮತ್ತೆ ಕಟ್ಟಿಯಾಯಿತು. ಸಾಹೇಬರು ಬಂದು ಬಹಳ ಹೊತ್ತು ನೋಡಿದರು. ಬಂಡೆಯ ಮೇಲೆ ಕೈಯಾಡಿಸಿದರು. ಹೊಸ ಸಿಮೆಂಟು ನೋಡಿ ಕೇಳಿದಾಗ ನಕ್ಷೆ ಪ್ರತಿಯಲ್ಲಿ ತಪ್ಪಾಯಿತು ಅಂದೆ. ಯಾರು ಎಂದು ಹೇಳಲಿಲ್ಲ. "ನಿನ್ನ ತಪ್ಪಲ್ಲವಲ್ಲ, ಬಿಡು" ಅಂದರು. ಮುಂದಿನ ತಿಂಗಳಿನಿಂದ ನನಗೊಬ್ಬಳಿಗೇ ಕೆಲಸ ಕೊಡುತ್ತಾರೆ. ಈ ಸುದ್ದಿಯನ್ನು ನಿನಗೇ ಮೊದಲು ಹೇಳಬೇಕು ಎಂದು ಜನವರಿಯಿಂದ ಕಾದಿದ್ದೆ.

ನನ್ನ ಹಾಳೆಗಳನ್ನು ಇನ್ನು ನಿನಗೆ ಕಳಿಸುವುದಿಲ್ಲ. ಡಿಸೆಂಬರಿನ ರಜೆಗೆ ಅಲ್ಲಿಗೆ ಬರುವುದಿಲ್ಲ. ಅಪ್ಪನ ಮನೆಗೆ ಹೋಗುತ್ತೇನೆ.

ಮಗಳು

&nbsp;

ನವೆಂಬರ್ ೩೦

ಟೀಚರ್ ಅವರಿಗೆ,

ಅವಳು ನಂಬಿದಳು. ಅಷ್ಟು ಸಲೀಸಾಗಿ ನಂಬಿದಳಲ್ಲ ಎಂದು ಎರಡು ದಿನ ನನಗೇ ಬೇಜಾರಾಯಿತು, ಆಮೇಲೆ ಬಿಟ್ಟೆ. ಕೆಲಸ ಸಿಕ್ಕಿತಲ್ಲ, ನನಗೆ ಬೇಕಾದದ್ದು ಅದು. ಸತ್ಯ ಹೇಳುವುದಿಲ್ಲ ಎಂದು ನೀವು ಬರೆದು ಕೊಟ್ಟ ಮಾತು ಉಳಿಸಿಕೊಳ್ಳಿ. ಮನೆ ತುಂಬ ಪ್ರೀತಿ ಉಕ್ಕಿದ ದಿನ ನೋಡಿ ಸತ್ಯ ಹೇಳಿಬಿಡೋಣ ಅನ್ನಿಸುತ್ತದೆ ನಿಮ್ಮಂಥವರಿಗೆ. ಹೇಳಿದರೆ ನಾನು ಏಣಿಯಮ್ಮ ಎಂದು ಮತ್ತೆ ಶುರುಮಾಡುತ್ತೇನೆ.

ಇನ್ನು ಕೆಲಸದ ಮಾತು. ಅವಳು ರಜೆಗೆ ನಿಮ್ಮಲ್ಲಿಗೆ ಬರುತ್ತಾಳೆ. ಬಂಡೆಯ ಮಗ್ಗುಲು ಚಳಿಗಾಲದಲ್ಲಿ ತಣ್ಣಗಿರುತ್ತದೆ, ಆ ಕಡೆ ಒಂದು ದಪ್ಪ ಬಟ್ಟೆ ಇಳಿಬಿಡಿ, ಇಲ್ಲದಿದ್ದರೆ ಕೆಮ್ಮು ಹಿಡಿಯುತ್ತದೆ. ದಿಂಬು ಎತ್ತರವಿರಬಾರದು. ಬೆಳಿಗ್ಗೆ ಎದ್ದ ತಕ್ಷಣ ಯಾರ ಜೊತೆಗೂ ಮಾತಾಡುವುದಿಲ್ಲ, ಅದನ್ನು ಮುನಿಸು ಅಂದುಕೊಳ್ಳಬೇಡಿ. ಟೀ ಮುಂದಿಟ್ಟು ಸುಮ್ಮನೆ ಆಚೆ ಹೋಗಿ. ನನ್ನನ್ನು ಬೈದರೆ ತಡೆಯಬೇಡಿ, ನನ್ನ ಪರ ವಾದಿಸಲೂ ಬೇಡಿ. ಬೈದು ಮುಗಿದ ಮೇಲೆ ಅವಳಿಗೆ ಹಸಿವಾಗುತ್ತದೆ, ಆಗ ಏನಾದರೂ ಕೊಡಿ.

ಇದನ್ನೆಲ್ಲ ಬರೆಯುವಾಗ ನಿಮ್ಮ ಮೇಲೆ ಮೊದಲಿಗಿಂತ ಹೆಚ್ಚು ಹೊಟ್ಟೆಕಿಚ್ಚಾಗುತ್ತಿದೆ. ನನ್ನ ಮಗಳನ್ನು ಮಲಗಿಸುವುದು ಹೇಗೆ ಎಂದು ನಿಮಗೆ ನಾನೇ ಹೇಳಿಕೊಡುತ್ತಿದ್ದೇನೆ. ಗೊತ್ತಿಲ್ಲದೆ ನೀವು ತಪ್ಪು ಮಾಡಿದರೆ ಅವಳಿಗೆ ತೊಂದರೆ, ಅದಕ್ಕೆ ಹೇಳುತ್ತಿದ್ದೇನೆ, ಬೇರೆ ಏನೂ ಇಲ್ಲ.

ಅವಳಿಗೆ ನಿದ್ದೆ ಹತ್ತಿದ ಮೇಲೆ ಒಂದು ಸಲ ಹೋಗಿ ನೋಡಿ. ಹೊದಿಕೆಯನ್ನು ಕಾಲಿನಿಂದ ಒದ್ದು ಕೆಳಗೆ ಹಾಕಿರುತ್ತಾಳೆ. ಎತ್ತಿ ಹೊದಿಸಿ. ಹೊದಿಸಿದ ಮೇಲೆ ನನಗೊಂದು ಸಾಲು ಬರೆಯಿರಿ. ಬರೆಯದಿದ್ದರೂ ನಡೆಯುತ್ತದೆ.

ಇಲ್ಲ, ಬರೆಯಿರಿ.

ಕಡ್ಡಿಯ ಅಮ್ಮ